ಖೋ ಖೋ ಆಟಗಾರರ ಡ್ರಾಫ್ಟ್

ಖೋ ಖೋ ಆಟಗಾರರ ಡ್ರಾಫ್ಟ್ ಎಂಬುದು ಭಾರತದ ವೃತ್ತಿಪರ ಖೋ ಖೋ ಲೀಗ್ ಆದ ಅಲ್ಟಿಮೇಟ್ ಖೋ ಖೋದಲ್ಲಿ ತಂಡಗಳು ಸರದಿಯ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ. ಕ್ರಿಕೆಟ್ ಮತ್ತು ಕಬಡ್ಡಿ ಲೀಗ್‌ಗಳ ಹರಾಜಿನಲ್ಲಿ ಆಟಗಾರನ ಬೆಲೆ ಕೂಗಿನಿಂದ ಏರುತ್ತದೆ. ಡ್ರಾಫ್ಟ್‌ನಲ್ಲಿ ಕೂಗು ಇರುವುದಿಲ್ಲ; ಆಟಗಾರನ ಸಂಭಾವನೆಯನ್ನು ಅವನ ದರ್ಜೆ ಮೊದಲೇ ನಿಗದಿ ಮಾಡಿರುತ್ತದೆ, ಯಾವ ತಂಡ ಅವನನ್ನು ಕರೆಯುತ್ತದೆ ಎಂಬುದಷ್ಟೇ ಉಳಿದ ಪ್ರಶ್ನೆ. 2022ರ ಜುಲೈ ತಿಂಗಳಲ್ಲಿ ಪುಣೆಯಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಆರು ತಂಡಗಳು ಸುಮಾರು 140 ಆಟಗಾರರನ್ನು ಆರಿಸಿಕೊಂಡವು. ಶಾಲಾ ಕಾಲೇಜುಗಳ ಅಂಗಳದಲ್ಲಿ ಆಡಿ, ಪ್ರಮಾಣಪತ್ರ ಪಡೆದು, ಬಳಿಕ ಆಟವನ್ನು ಬಿಟ್ಟುಬಿಡುವುದೇ ವಾಡಿಕೆಯಾಗಿದ್ದ ಕ್ರೀಡೆಯೊಂದರಲ್ಲಿ ಆಟಕ್ಕೇ ಹಣ ಕೊಡುವ ಆಯ್ಕೆ ಇದರಿಂದ ಆರಂಭವಾಯಿತು. ಕರ್ನಾಟಕದ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಂತಹ ಗ್ರಾಮೀಣ ಭಾಗದ ವಿದ್ಯಾರ್ಥಿಗೆ ಅಲ್ಲಿಯವರೆಗಿನ ದಾರಿ ಹೇಗಿದೆ ಎಂಬುದನ್ನೂ ಈ ಲೇಖನ ವಿವರಿಸುತ್ತದೆ.

ಡ್ರಾಫ್ಟ್ ಪದ್ಧತಿಯ ಮೂಲ

ಡ್ರಾಫ್ಟ್ ಅಮೆರಿಕದಲ್ಲಿ ಹುಟ್ಟಿದ ಪದ್ಧತಿ. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹಣವುಳ್ಳ ತಂಡಗಳೇ ಒಳ್ಳೆಯ ಕಾಲೇಜು ಆಟಗಾರರನ್ನೆಲ್ಲ ಸೆಳೆದುಕೊಳ್ಳುತ್ತಿದ್ದವು. ಇದನ್ನು ತಡೆಯಲು ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯ ಬರ್ಟ್ ಬೆಲ್ ಒಂದು ಸಲಹೆ ಮುಂದಿಟ್ಟರು: ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ. ಅದರಂತೆ 1936ರ ಫೆಬ್ರವರಿ 8ರಂದು ಒಂಬತ್ತು ತಂಡಗಳು ಸೇರಿ 81 ಆಟಗಾರರನ್ನು ಹಂಚಿಕೊಂಡವು. ಮೊದಲನೆಯವನಾಗಿ ಆಯ್ಕೆಯಾದ ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್ ವೃತ್ತಿಪರ ಆಟವನ್ನು ಆಡಲೇ ಇಲ್ಲ; ತಂಡ ಕೊಡುವ ಹಣಕ್ಕಿಂತ ಕಂಪನಿಯೊಂದರ ಮಾರಾಟ ವಿಭಾಗದ ಕೆಲಸವೇ ಮೇಲೆಂದು ಅವರು ಅದನ್ನೇ ಆರಿಸಿಕೊಂಡರು. ಆಟವೋ ನೌಕರಿಯೋ ಎಂಬ ಪ್ರಶ್ನೆ ಡ್ರಾಫ್ಟ್‌ನ ಮೊದಲ ದಿನದಷ್ಟೇ ಹಳೆಯದು ಎಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸಬಹುದು.

ಈಗ ಎನ್‌ಎಫ್‌ಎಲ್ ಡ್ರಾಫ್ಟ್ ಏಳು ಸುತ್ತುಗಳಲ್ಲಿ ನಡೆಯುತ್ತದೆ; 32 ತಂಡಗಳು ಭಾಗವಹಿಸುತ್ತವೆ. ಪ್ರೌಢಶಿಕ್ಷಣ ಮುಗಿಸಿ ಕನಿಷ್ಠ ಮೂರು ವರ್ಷ ಕಳೆದ ಆಟಗಾರ ಮಾತ್ರ ಅರ್ಹ. ಹೀಗಾಗಿ ಅಲ್ಲಿ ಕಾಲೇಜೇ ವೃತ್ತಿಪರ ಆಟಕ್ಕೆ ತರಬೇತಿ ಶಾಲೆ. ಆಯ್ಕೆಗೆ ಮುನ್ನ ಇಂಡಿಯಾನಾಪೊಲಿಸ್ ನಗರದಲ್ಲಿ ಆಟಗಾರರ ಎತ್ತರ, ತೂಕ, ಜಿಗಿತ, 40 ಗಜದ ಓಟದ ವೇಗ ಮುಂತಾದವನ್ನು ಎಲ್ಲ ತಂಡಗಳ ಎದುರಿಗೇ ಅಳೆಯಲಾಗುತ್ತದೆ.

ಅಲ್ಟಿಮೇಟ್ ಖೋ ಖೋದಲ್ಲಿ ಡ್ರಾಫ್ಟ್

ಖೋ ಖೋ ಆಟದ ಲಿಖಿತ ನಿಯಮಗಳು 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದಲ್ಲಿ ರೂಪುಗೊಂಡವು. ಅಲ್ಲಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ಹವ್ಯಾಸಿ ಕ್ರೀಡೆಯಾಗಿಯೇ ಉಳಿಯಿತು. ಕಬಡ್ಡಿಗೆ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ದೊರೆತಾಗ ಅದೇ ಬಗೆಯ ಲೀಗ್ ಖೋ ಖೋಗೂ ಬೇಕೆಂಬ ಚಿಂತನೆ ಬಲಗೊಂಡಿತು. ಭಾರತೀಯ ಖೋ ಖೋ ಫೆಡರೇಷನ್ನಿನ ಸಹಯೋಗದಲ್ಲಿ ಉದ್ಯಮಿ ಅಮಿತ್ ಬರ್ಮನ್ ಅವರು ಅಲ್ಟಿಮೇಟ್ ಖೋ ಖೋವನ್ನು ಕಟ್ಟಿದರು. ಮೊದಲ ಆವೃತ್ತಿ 2022ರ ಆಗಸ್ಟ್ 14ರಿಂದ ಸೆಪ್ಟೆಂಬರ್ 4ರವರೆಗೆ ಪುಣೆಯ ಬಾಲೇವಾಡಿಯಲ್ಲಿ ನಡೆಯಿತು. ಅಂತಿಮ ಪಂದ್ಯದಲ್ಲಿ ಒಡಿಶಾ ಜಗರ್‌ನಾಟ್ಸ್ ತಂಡವು ತೆಲುಗು ಯೋಧಾಸ್ ತಂಡವನ್ನು 46–45ರಿಂದ, ಅಂದರೆ ಒಂದೇ ಅಂಕದಿಂದ, ಸೋಲಿಸಿತು. ಎರಡನೆಯ ಆವೃತ್ತಿ 2023ರ ಡಿಸೆಂಬರ್ 24ರಿಂದ 2024ರ ಜನವರಿ 13ರವರೆಗೆ ಕಟಕ್‌ನಲ್ಲಿ ನಡೆದು ಗುಜರಾತ್ ಜೈಂಟ್ಸ್ ಪ್ರಶಸ್ತಿ ಗೆದ್ದಿತು.

ಡ್ರಾಫ್ಟ್‌ಗೆ ಬರುವ ಆಟಗಾರರನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆಗಳಲ್ಲಿ ವಿಂಗಡಿಸಲಾಗುತ್ತದೆ. ಮೊದಲ ಆವೃತ್ತಿಯಲ್ಲಿ ಈ ದರ್ಜೆಗಳ ಸಂಭಾವನೆ ಕ್ರಮವಾಗಿ 5 ಲಕ್ಷ, 3 ಲಕ್ಷ, 1.5 ಲಕ್ಷ ಮತ್ತು 1 ಲಕ್ಷ ರೂಪಾಯಿಗಳಾಗಿದ್ದವು. ಎರಡನೆಯ ಆವೃತ್ತಿಗೆ ಮುನ್ನ ತಂಡಗಳು ಹಳಬರಲ್ಲಿ ಕೆಲವರನ್ನು ಉಳಿಸಿಕೊಂಡು, ಉಳಿದ ಸ್ಥಾನಗಳನ್ನು 2023ರ ನವೆಂಬರ್ ತಿಂಗಳ ಡ್ರಾಫ್ಟ್‌ನಲ್ಲಿ ತುಂಬಿಕೊಂಡವು.

ಹರಾಜಿಗೂ ಇದಕ್ಕೂ ಇರುವ ಅಂತರ ಅಂಕಿಗಳಲ್ಲಿ ಸ್ಪಷ್ಟವಾಗುತ್ತದೆ. ಪ್ರೊ ಕಬಡ್ಡಿಯ 2014ರ ಮೊದಲ ಹರಾಜಿನಲ್ಲಿ ಅತ್ಯಧಿಕ ಬೆಲೆ ಪಡೆದ ರಾಕೇಶ್ ಕುಮಾರ್ ಅವರಿಗೆ ಸಿಕ್ಕಿದ್ದು 12.80 ಲಕ್ಷ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರನ್ನು ತೆಲುಗು ಟೈಟನ್ಸ್ 2.605 ಕೋಟಿ ರೂಪಾಯಿಗೆ ಕೊಂಡಿತು. ಖೋ ಖೋ ಡ್ರಾಫ್ಟ್‌ನಲ್ಲಿ ಇಂತಹ ಜಿಗಿತಕ್ಕೆ ಎಡೆಯಿಲ್ಲ. ಎ ದರ್ಜೆಯ ಅತ್ಯುತ್ತಮ ಆಟಗಾರನಿಗೂ ಅದೇ ದರ್ಜೆಯ ಕೊನೆಯವನಿಗೂ ಒಂದೇ ಮೊತ್ತ. ಆದರೆ ಹರಾಜಿನಲ್ಲಿ ಯಾರ ಗಮನಕ್ಕೂ ಬಾರದೆ ಮೂಲಬೆಲೆಗೂ ಮಾರಾಟವಾಗದೆ ಉಳಿಯುವ ಹೊಸಬನಿಗೆ ಡ್ರಾಫ್ಟ್ ಹೆಚ್ಚು ಅನುಕೂಲ: ಪ್ರತಿ ತಂಡವೂ ತನ್ನ ಸ್ಥಾನಗಳನ್ನು ತುಂಬಿಕೊಳ್ಳಲೇಬೇಕಾದ್ದರಿಂದ ಡಿ ದರ್ಜೆಯವರೆಗೂ ಸರದಿ ಬರುತ್ತದೆ.

ಲೀಗ್‌ನ ಆರು ತಂಡಗಳು ಚೆನ್ನೈ, ಗುಜರಾತ್, ಮುಂಬೈ, ಒಡಿಶಾ, ರಾಜಸ್ಥಾನ ಮತ್ತು ತೆಲುಗು ನಾಡಿನ ಹೆಸರು ಹೊತ್ತಿವೆ. ಕರ್ನಾಟಕದ ಹೆಸರಿನ ತಂಡ ಎರಡೂ ಆವೃತ್ತಿಗಳಲ್ಲಿ ಇರಲಿಲ್ಲ. ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ಇರುವಂತೆ ಖೋ ಖೋದಲ್ಲಿ ತವರು ತಂಡವೊಂದು ಇಲ್ಲದಿರುವುದು ಕನ್ನಡದ ಆಟಗಾರರಿಗೆ ಒಂದು ಕೊರತೆಯೇ ಸರಿ. ತವರು ತಂಡವಿದ್ದರೆ ಅದರ ತರಬೇತುದಾರರು ಜಿಲ್ಲಾ ಪಂದ್ಯಾವಳಿಗಳ ಕಡೆಗೂ ಕಣ್ಣು ಹಾಯಿಸುತ್ತಾರೆ. ಇಲ್ಲದಿದ್ದರೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕಣ್ಣಿಗೆ ಬಿದ್ದವರಿಗಷ್ಟೇ ಅವಕಾಶ.

ಎರಡು ಕೆಲಸದ ಆಟಗಾರ

ಡ್ರಾಫ್ಟ್‌ನಲ್ಲಿ ತಂಡಗಳು ಬಯಸುವುದು ಎಂತಹ ಆಟಗಾರನನ್ನು ಎಂದು ತಿಳಿಯಲು ಲೀಗ್‌ನ ನಿಯಮಗಳನ್ನು ನೋಡಬೇಕು. ಸಾಂಪ್ರದಾಯಿಕ ಆಟದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಮಂದಿ ಅಂಕಣದಲ್ಲಿರುತ್ತಾರೆ. ಎಂಟು ಮಂದಿ ಚೌಕಗಳಲ್ಲಿ ಒಬ್ಬರ ಬಿಟ್ಟು ಒಬ್ಬರು ಎದುರುಬದುರು ದಿಕ್ಕಿಗೆ ಮುಖ ಮಾಡಿ ಕುಳಿತರೆ ಒಂಬತ್ತನೆಯವನು ಓಡುತ್ತಾನೆ. ಲೀಗ್‌ನಲ್ಲಿ ಈ ಸಂಖ್ಯೆ ಏಳಕ್ಕೆ ಇಳಿದಿದೆ; ಆಟದ ಪ್ರತಿ ಸರದಿ ಒಂಬತ್ತು ನಿಮಿಷದ ಬದಲು ಏಳು ನಿಮಿಷ. ಎರಡರಲ್ಲೂ ಓಟಗಾರರು ಮೂವರ ಗುಂಪಿನಲ್ಲಿ ಒಳಬರುತ್ತಾರೆ. ಬೆನ್ನಟ್ಟುವವನು ಒಮ್ಮೆ ಹಿಡಿದ ದಿಕ್ಕನ್ನು ಕಂಬ ದಾಟುವವರೆಗೆ ಬದಲಿಸುವಂತಿಲ್ಲ ಎಂಬುದು ಈ ಆಟದ ಜೀವಾಳ. ಈ ನಿಯಮ ಇರುವುದರಿಂದಲೇ ಕುಳಿತವನಿಗೆ ಖೋ ಕೊಡಬೇಕಾಗುತ್ತದೆ.

ಲೀಗ್ ಈ ನಿಯಮಕ್ಕೆ ಒಂದು ವಿನಾಯಿತಿ ತಂದಿತು. ಬೆನ್ನಟ್ಟುವ ತಂಡದ ಒಬ್ಬನನ್ನು ವಜೀರ ಎಂದು ಗುರುತಿಸಲಾಗುತ್ತದೆ. ಅವನು ಯಾವ ದಿಕ್ಕಿಗೂ ತಿರುಗಿ ಓಡಬಹುದು. ಪವರ್‌ಪ್ಲೇ ಅವಧಿಯಲ್ಲಿ ಇಬ್ಬರು ವಜೀರರಿರುತ್ತಾರೆ. ಚದುರಂಗದ ಮಂತ್ರಿಗೆ ಉತ್ತರ ಭಾರತದಲ್ಲಿ ಇರುವ ಹೆಸರೇ ಇದು. ಹಾರಿ ಮುಟ್ಟುವುದಕ್ಕೆ, ಕಂಬ ಹಿಡಿದು ಬಾಗಿ ಮುಟ್ಟುವುದಕ್ಕೆ ಮೊದಲ ಆವೃತ್ತಿಯಲ್ಲಿ ಹೆಚ್ಚಿನ ಅಂಕ ಇಡಲಾಗಿತ್ತು. ಮೂವರ ಗುಂಪು ಎರಡೂವರೆ ನಿಮಿಷ ಔಟಾಗದೆ ಉಳಿದರೆ ಓಡುವ ತಂಡಕ್ಕೂ ಅಂಕ ದೊರೆಯುತ್ತಿತ್ತು.

ಈ ಬದಲಾವಣೆಗಳ ಫಲವಾಗಿ ಒಂದೇ ಕೆಲಸ ಬಲ್ಲ ಆಟಗಾರನಿಗಿಂತ ಎರಡೂ ಬಲ್ಲವನಿಗೆ ಬೇಡಿಕೆ ಹೆಚ್ಚಿತು. ಅಮೆರಿಕನ್ ಫುಟ್‌ಬಾಲಿನಲ್ಲಿ ಇದಕ್ಕೆ ಹತ್ತಿರದ ಸ್ಥಾನ ಟೈಟ್ ಎಂಡ್. ಅವನು ಸಾಲಿನ ಅಂಚಿನಲ್ಲಿ ನಿಂತು ಎದುರಾಳಿಗಳನ್ನು ಮೈಬಲದಿಂದ ತಡೆಯಬೇಕು. ಮರುಗಳಿಗೆಯಲ್ಲೇ ಓಡಿ ಚೆಂಡು ಹಿಡಿಯಬೇಕು. ಇಂತಹ ಆಟಗಾರರನ್ನು ಅಳೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಡ್ರಾಫ್ಟ್‌ನ ಇತಿಹಾಸವೇ ಸಾಕ್ಷಿ. 2021ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಕೈಲ್ ಪಿಟ್ಸ್ ನಾಲ್ಕನೆಯವರಾಗಿ ಆಯ್ಕೆಯಾದರು. ಟೈಟ್ ಎಂಡ್ ಒಬ್ಬರು ಅಷ್ಟು ಮುಂಚೆ ಆಯ್ಕೆಯಾದದ್ದು ಅಪೂರ್ವ. 2024ರಲ್ಲಿ ಜಾರ್ಜಿಯಾದ ಬ್ರಾಕ್ ಬೋವರ್ಸ್ 13ನೆಯವರಾದರು. ಆದರೆ ಆ ಸ್ಥಾನದ ಶ್ರೇಷ್ಠರಲ್ಲಿ ಒಬ್ಬರೆನಿಸಿದ ಜಾರ್ಜ್ ಕಿಟಲ್ ಅವರನ್ನು 2017ರಲ್ಲಿ 145 ಆಟಗಾರರ ನಂತರ ಕರೆಯಲಾಯಿತು. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದ ಆಂಟೊನಿಯೊ ಗೇಟ್ಸ್ ಅವರನ್ನಂತೂ 2003ರಲ್ಲಿ ಯಾವ ತಂಡವೂ ಕರೆಯಲಿಲ್ಲ; ಡ್ರಾಫ್ಟ್‌ನ ಹೊರಗಿನಿಂದ ಸೇರಿದ ಅವರು 2025ರಲ್ಲಿ ಆ ಕ್ರೀಡೆಯ ಹಾಲ್ ಆಫ್ ಫೇಮ್ ಪ್ರವೇಶಿಸಿದರು.

ಖೋ ಖೋದಲ್ಲಿ ಅಳತೆಯ ಸಾಧನ ಅಂಕಪಟ್ಟಿಯೇ. ಓಟಗಾರನಾಗಿ ಎಷ್ಟು ನಿಮಿಷ ಉಳಿದ, ಬೆನ್ನಟ್ಟುವಾಗ ಎಷ್ಟು ಜನರನ್ನು ಔಟ್ ಮಾಡಿದ ಎಂಬ ಎರಡು ಅಂಕಿಗಳು ಪತ್ರಿಕಾ ವರದಿಗಳಲ್ಲೂ ಕಾಣುತ್ತವೆ. ಇವು ಹೇಳದ ಸಂಗತಿಗಳೂ ಇವೆ. ಸುಳ್ಳು ಸನ್ನೆ ತೋರಿಸಿ ಓಟಗಾರನನ್ನು ಕಂಬದ ಕಡೆಗೆ ತಳ್ಳಿ, ಸರಿಯಾದ ಗಳಿಗೆಯಲ್ಲಿ ಖೋ ಕೊಟ್ಟು, ಔಟ್ ಮಾಡುವ ಹೆಸರನ್ನು ಮತ್ತೊಬ್ಬನಿಗೆ ಬಿಡುವ ಆಟಗಾರನ ಕೆಲಸಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಅದನ್ನು ಗುರುತಿಸಲು ಪಂದ್ಯವನ್ನೇ ನೋಡಬೇಕು. ತಾಲ್ಲೂಕು ಮಟ್ಟದ ಪಂದ್ಯವನ್ನು ನೋಡಲು ಲೀಗ್‌ನವರು ಬರುವುದಿಲ್ಲ.

ಹಾವೇರಿ ಜಿಲ್ಲೆಯ ತಾಲ್ಲೂಕುಗಳಿಂದ ಡ್ರಾಫ್ಟ್‌ವರೆಗೆ

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಇದರ ಪಶ್ಚಿಮ ಭಾಗದ ಹಾನಗಲ್ಲ ತಾಲ್ಲೂಕು ಅರೆಮಲೆನಾಡಿನದು; ಸವಣೂರಿನ ಕಡೆ ಕರಿಮಣ್ಣಿನ ಬಯಲು. ಖೋ ಖೋಗೆ ಎರಡು ಕಂಬ, ಸುಣ್ಣದ ಪುಡಿ ಮತ್ತು ಸಮತಟ್ಟಾದ ನೆಲವಿದ್ದರೆ ಸಾಕು. ಆದ್ದರಿಂದ ಅದು ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಒಗ್ಗಿದ ಆಟ. ಶಾಲಾ ಕ್ರೀಡಾಕೂಟಗಳು ಬಹುಮಟ್ಟಿಗೆ ಮಳೆಗಾಲದಲ್ಲಿ ನಡೆಯುತ್ತವೆ. ಕರಿಮಣ್ಣು ನೆನೆದರೆ ಪಾದಕ್ಕೆ ಅಂಟಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಕಾಲು ಹೊರಳಿಸುತ್ತದೆ. ಅಂತಹ ಅಂಗಳದಲ್ಲಿ ಹಾರಿ ಮುಟ್ಟುವುದನ್ನು ಕಲಿತವನ ಮೊಣಕೈ ಮೊಣಕಾಲುಗಳ ಗಾಯ ಮಾಯುವುದೇ ಅಪರೂಪ. (ದೀಪಾವಳಿಯ ನಂತರ ಈ ಭಾಗದಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗೆ ಸೇರುವ ಜನಸಂದಣಿಯಲ್ಲಿ ಸಣ್ಣ ಪಾಲೂ ಈ ಪಂದ್ಯಗಳಿಗೆ ಸೇರುವುದಿಲ್ಲ.)

ವಿದ್ಯಾರ್ಥಿಯ ದಾರಿ ಮೆಟ್ಟಿಲುಗಳ ರೂಪದ್ದು. ಶಾಲಾ ಹಂತದಲ್ಲಿ ವಲಯ ಮತ್ತು ತಾಲ್ಲೂಕು ಪಂದ್ಯಗಳು, ಅಲ್ಲಿ ಗೆದ್ದರೆ ಹಾವೇರಿಯಲ್ಲಿ ಜಿಲ್ಲಾ ಮಟ್ಟ, ಬಳಿಕ ಬೆಳಗಾವಿ ವಿಭಾಗ, ಅದರ ನಂತರ ರಾಜ್ಯ. ರಾಜ್ಯ ತಂಡದಲ್ಲಿ ಸ್ಥಾನ ಸಿಕ್ಕರೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಪದವಿಪೂರ್ವ ಕಾಲೇಜುಗಳಿಗೆ ಇದೇ ಬಗೆಯ ಪ್ರತ್ಯೇಕ ಸರಣಿ ಇದೆ. ದಸರಾ ಕ್ರೀಡಾಕೂಟ ಮತ್ತೊಂದು ದಾರಿ. ಅದೂ ತಾಲ್ಲೂಕಿನಿಂದ ಆರಂಭವಾಗಿ ಮೈಸೂರಿನಲ್ಲಿ ಮುಗಿಯುತ್ತದೆ. ಇವುಗಳ ಜೊತೆಗೆ ರಾಜ್ಯ ಖೋ ಖೋ ಸಂಸ್ಥೆ ಆರಿಸುವ ಸಬ್ ಜೂನಿಯರ್, ಜೂನಿಯರ್, ಸೀನಿಯರ್ ತಂಡಗಳಿವೆ. ಡ್ರಾಫ್ಟ್‌ಗೆ ನಿಜಕ್ಕೂ ಲೆಕ್ಕಕ್ಕೆ ಬರುವುದು ಈ ಕೊನೆಯ ದಾರಿಯೇ, ಏಕೆಂದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ಫೆಡರೇಷನ್ನಿನ ಅಡಿಯಲ್ಲಿ ನಡೆಯುತ್ತವೆ. ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲೂ ಖೋ ಖೋ ಇದೆ. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕ್ರೀಡಾಪಟುವಿಗೆ ಕೈಖರ್ಚಿಗೆಂದು ತಿಂಗಳಿಗೆ 10,000 ರೂಪಾಯಿ ದೊರೆಯುತ್ತದೆ.

ಮಣ್ಣಿನಿಂದ ಮ್ಯಾಟ್‌ಗೆ ದಾಟುವುದು ಈ ದಾರಿಯ ಕಷ್ಟದ ತಿರುವು. ಲೀಗ್ ಪಂದ್ಯಗಳು ಒಳಾಂಗಣದಲ್ಲಿ, ಮ್ಯಾಟ್ ಮೇಲೆ, ಬೂಟು ತೊಟ್ಟು ಆಡುವಂಥವು. ಬರಿಗಾಲಿನಲ್ಲಿ ಮಣ್ಣನ್ನು ಹಿಡಿದು ತಿರುಗುವ ಅಭ್ಯಾಸವಿರುವ ಓಟಗಾರನಿಗೆ ಮ್ಯಾಟ್ ಮೇಲೆ ತಿರುಗುವ ಲೆಕ್ಕವೇ ಬೇರೆ. ಅಂಕಣದ ಉದ್ದವೂ 27 ಮೀಟರ್‌ನಿಂದ 22 ಮೀಟರ್‌ಗೆ ಇಳಿದಿರುವುದರಿಂದ ದೂರ ಓಡಿ ತಪ್ಪಿಸಿಕೊಳ್ಳುವವನಿಗಿಂತ ಕುಳಿತವರ ನಡುವೆ ಹೆಣೆದುಕೊಂಡು ಓಡುವವನಿಗೆ ಅನುಕೂಲ. ಇದನ್ನು ಮೊದಲ ಬಾರಿಗೆ ರಾಜ್ಯ ಶಿಬಿರದಲ್ಲಿ ಎದುರಿಸುವವನು ನಗರದ ಕ್ಲಬ್ಬುಗಳಲ್ಲಿ ಬೆಳೆದವನಿಗಿಂತ ಹಿಂದೆ ಬೀಳುವುದು ಸಹಜ.

ಕಾಲೇಜು, ಹಾಜರಾತಿ, ನೌಕರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಪದವಿ ಕಾಲೇಜುಗಳು ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2023ರಲ್ಲಿ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ ಆರಂಭವಾದಾಗ ಜಿಲ್ಲೆಯ ಕಾಲೇಜುಗಳು ಅದರ ಕಡೆಗೆ ಬಂದವು. ಇದರ ಪರಿಣಾಮ ಎರಡು ಬಗೆಯದು. ಧಾರವಾಡ, ಗದಗ, ಉತ್ತರ ಕನ್ನಡದ ಆಟಗಾರರೊಡನೆ ಸ್ಪರ್ಧಿಸಬೇಕಿದ್ದ ಹುಡುಗನಿಗೆ ವಿಶ್ವವಿದ್ಯಾಲಯ ತಂಡದ ಸ್ಥಾನ ಹತ್ತಿರವಾಯಿತು. ಅದೇ ಕಾರಣಕ್ಕೆ ತಂಡದ ಬಲ ಕುಗ್ಗಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಮುಂದೆ ಸಾಗುವುದು ದೂರವಾಯಿತು.

ಅಮೆರಿಕದ ಕಾಲೇಜು ಆಟಗಾರನಿಗೆ ಆಟವೇ ವಿದ್ಯಾರ್ಥಿವೇತನ ತಂದುಕೊಡುತ್ತದೆ. ಕಾಲೇಜಿನ ವೇಳಾಪಟ್ಟಿ ಆಟವನ್ನು ಒಪ್ಪಿಕೊಂಡಿರುತ್ತದೆ. ಇಲ್ಲಿ ಹಾಗಲ್ಲ. ಲೀಗ್‌ನ ಎರಡನೆಯ ಆವೃತ್ತಿ ನಡೆದ ಡಿಸೆಂಬರ್–ಜನವರಿ ಅವಧಿ ಸೆಮಿಸ್ಟರ್ ಪರೀಕ್ಷೆಗಳ ಕಾಲಕ್ಕೂ ಹತ್ತಿರ. ಶೇಕಡಾ 75ರ ಹಾಜರಾತಿ ನಿಯಮದಲ್ಲಿ ಕ್ರೀಡಾ ರಿಯಾಯಿತಿ ಸಿಗುವುದು ಸಾಮಾನ್ಯವಾಗಿ ವಿಶ್ವವಿದ್ಯಾಲಯವನ್ನೋ ರಾಜ್ಯವನ್ನೋ ಪ್ರತಿನಿಧಿಸಿದಾಗ. ಖಾಸಗಿ ಲೀಗ್‌ಗೆ ಹೋಗುವವನು ಪ್ರಾಂಶುಪಾಲರ ಒಪ್ಪಿಗೆಯನ್ನೇ ನೆಚ್ಚಬೇಕು.

ಮನೆಯವರ ಪ್ರಶ್ನೆ ಇದಕ್ಕಿಂತ ನೇರವಾದದ್ದು. ಡಿ ದರ್ಜೆಯ 1 ಲಕ್ಷ ರೂಪಾಯಿ ಮೂರು ವಾರಗಳ ಲೀಗ್ ಮತ್ತು ಅದಕ್ಕೆ ಮುಂಚಿನ ಶಿಬಿರದ ಲೆಕ್ಕದಲ್ಲಿ ಒಳ್ಳೆಯ ಮೊತ್ತ. ವರ್ಷದ ಆದಾಯವೆಂದರೆ ಏನೂ ಅಲ್ಲ. ಆದ್ದರಿಂದ ಡ್ರಾಫ್ಟ್ ಬಂದ ಮೇಲೂ ಆಟಗಾರರ ಕಣ್ಣು ಕ್ರೀಡಾ ಕೋಟಾದ ನೌಕರಿಯ ಮೇಲೇ ಇದೆ. ರಾಷ್ಟ್ರೀಯ ಖೋ ಖೋದಲ್ಲಿ ರೈಲ್ವೆ ತಂಡ ಬಹುಕಾಲದಿಂದ ಪ್ರಬಲ. ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲಿದ್ದು, ಶಿಗ್ಗಾಂವಿಯಿಂದ ಹೆದ್ದಾರಿಯಲ್ಲಿ ಒಂದೆರಡು ತಾಸಿನ ದಾರಿ. ಲೀಗ್‌ನಲ್ಲಿ ಆಡಿದ ಆಟಗಾರನ ಹೆಸರು ಆಯ್ಕೆದಾರರಿಗೆ ಪರಿಚಿತವಾಗಿರುತ್ತದೆ ಎಂಬುದು ನಿಜ. ಆದರೆ ಕೋಟಾದ ಅರ್ಜಿಯಲ್ಲಿ ತೂಕವಿರುವುದು ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳ ಪ್ರಮಾಣಪತ್ರಗಳಿಗೆ. ಎರಡರ ದಿನಾಂಕಗಳು ತಾಗಿದರೆ ಯಾವುದನ್ನು ಬಿಡಬೇಕೆಂದು ಹತ್ತೊಂಬತ್ತರ ಹುಡುಗ ನಿರ್ಧರಿಸಬೇಕಾಗುತ್ತದೆ.

ಮಹಿಳೆಯರು

ಅಲ್ಟಿಮೇಟ್ ಖೋ ಖೋದ ಎರಡೂ ಆವೃತ್ತಿಗಳು ಪುರುಷರಿಗೆ ಸೀಮಿತವಾಗಿದ್ದವು. ಮೇಲೆ ವಿವರಿಸಿದ ಶಾಲಾ, ವಿಭಾಗ, ರಾಜ್ಯ ಮಟ್ಟದ ಮೆಟ್ಟಿಲುಗಳನ್ನೆಲ್ಲ ಹುಡುಗಿಯರೂ ಹತ್ತುತ್ತಾರೆ. ಆದರೆ ಅವರ ದಾರಿ ಡ್ರಾಫ್ಟ್‌ಗೆ ಮುಂಚೆಯೇ ನಿಲ್ಲುತ್ತದೆ. ಲೀಗ್ ಇಲ್ಲದಿದ್ದರೂ ಆಟದ ಗುಣಮಟ್ಟಕ್ಕೆ ಕೊರತೆಯಾಗಿಲ್ಲ ಎಂಬುದಕ್ಕೆ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಉದಾಹರಣೆ. ಹಳ್ಳಿಯ ಅಂಗಳದಿಂದ ಬಂದ ಅವರು 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು.

ವಿಶ್ವಕಪ್ ಮತ್ತು ನಂತರ

ಆ ವಿಶ್ವಕಪ್ ಜನವರಿ 13ರಿಂದ 19ರವರೆಗೆ ನಡೆಯಿತು. ಅಂತಿಮ ಪಂದ್ಯಗಳಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ, ಪುರುಷರು 54–36ರಿಂದ ಸೋಲಿಸಿದರು. ಪುರುಷರ ತಂಡದ ನಾಯಕ ಪ್ರತೀಕ್ ವಾಯ್ಕರ್ ಲೀಗ್‌ನ ಮೊದಲ ಆವೃತ್ತಿಯಲ್ಲಿ ತೆಲುಗು ಯೋಧಾಸ್ ತಂಡವನ್ನು ಮುನ್ನಡೆಸಿದ್ದವರು. ಏಳು ಮಂದಿಯ ತಂಡ, ಮ್ಯಾಟ್, ವಜೀರ ಮುಂತಾಗಿ ಲೀಗ್‌ನ ಮಾದರಿಯನ್ನೇ ವಿಶ್ವಕಪ್ ಬಹುಮಟ್ಟಿಗೆ ಅನುಸರಿಸಿತು. ಹೀಗಾಗಿ ಡ್ರಾಫ್ಟ್ ಮೂಲಕ ಈ ಮಾದರಿಯನ್ನು ಅಭ್ಯಾಸ ಮಾಡಿದವರಿಗೆ ರಾಷ್ಟ್ರೀಯ ತಂಡದ ಆಟ ಹೊಸದೆನಿಸಲಿಲ್ಲ.

ಕರ್ನಾಟಕದಿಂದ ಪುರುಷರ ತಂಡದಲ್ಲಿ ಎಂ.ಕೆ. ಗೌತಮ್, ಮಹಿಳೆಯರ ತಂಡದಲ್ಲಿ ಚೈತ್ರಾ ಆಡಿದ್ದರು. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಮಹಾರಾಷ್ಟ್ರವು ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಪ್ರಕಟಿಸಿದ್ದನ್ನು ಎತ್ತಿ ತೋರಿಸಿ ಇಬ್ಬರೂ ಆ ಮೊತ್ತವನ್ನು ನಿರಾಕರಿಸಿದರು. ಲೀಗ್‌ನ ಎ ದರ್ಜೆಯ ಆಟಗಾರನಿಗೆ ಮೊದಲ ಆವೃತ್ತಿಯಲ್ಲಿ ಸಿಕ್ಕಿದ್ದೂ ಅಷ್ಟೇ, 5 ಲಕ್ಷ.